‘ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿದೆಯಲ್ಲ!’

ಹಾಸನದ ಸಾಲಗಾಮೆ ರಸ್ತೆ ಅಂದ್ರೆ ನೆನಪಾಗೋದು 1960ರಲ್ಲಿ ಶುರುವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜು. ಇಂಥ ಯಾವುದೋ ಕಾಲೇಜಿನ ಒಂದು ಪ್ರಾಜೆಕ್ಟ್ ತಂಡ ಊಹಿಸ್ಕೊಳ್ಳಿ. ಒಬ್ಬ ಹೊಳೆನರಸೀಪುರದವನು, ಒಬ್ಬಳು ಅರಕಲಗೂಡಿನವಳು, ಇನ್ನೊಬ್ಬ ಚನ್ನರಾಯಪಟ್ಟಣದವನು. ವೆಬ್‌ಸೈಟ್ ಒಂದೇ, ಲ್ಯಾಪ್‌ಟಾಪ್ ಮೂರು. ಅವನ ಹತ್ರ ಓಡೋ ಕೋಡ್ ಅವಳ ಹತ್ರ ಓಡಲ್ಲ. ಕೊನೆಗೆ ಅವಳ ಪಾಲಿಗೆ ರಿಪೋರ್ಟ್ ಟೈಪ್ ಮಾಡೋದಷ್ಟೇ ಉಳಿಯುತ್ತೆ.

ಈ ಗೋಳು ಹಳೇದು. ಆಮ್‌ಸ್ಟರ್‌ಡ್ಯಾಮಿನ ಮೇಷ್ಟ್ರು ಡಿಕ್ ಗ್ರೂನೆ ಮತ್ತವರ ಇಬ್ಬರು ವಿದ್ಯಾರ್ಥಿಗಳು ಒಂದೇ ಕೋಡ್ ಮೇಲೆ ಬೇರೆ ಬೇರೆ ಹೊತ್ತಲ್ಲಿ ಕೆಲಸ ಮಾಡ್ತಿದ್ರು. ಅದಕ್ಕಾಗಿ ಅವರು ಬರೆದ ಸಿವಿಎಸ್ 1986ರಲ್ಲಿ ಹೊರಬಂತು. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಕಟ್ಟಿದ್ರು. ಕೋಡ್ ಎಲ್ಲರಿಗೂ ಒಂದೇ ಆಯ್ತು, ಸರಿ. ಆದ್ರೆ ಪಿಎಚ್‌ಪಿ, ಡೇಟಾಬೇಸ್ ಆವೃತ್ತಿಗಳು ಬೇರೆಬೇರೆಯಾಗೇ ಉಳಿದವು.

2010ರಲ್ಲಿ ವೇಗ್ರಂಟ್, 2013ರಲ್ಲಿ ಡಾಕರ್ ಬಂದವು. ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ ಅನ್ನೋದನ್ನ ಒಂದು ಫೈಲಲ್ಲಿ ಬರೆದು ಕೋಡ್ ಜೊತೆಗೇ ಇಟ್ರೆ, ಮೂರೂ ಕಡೆ ಅದೇ ಪರಿಸರ ಸಿದ್ಧವಾಗುತ್ತೆ.

ಮುಂದಿನ ಪ್ರಾಜೆಕ್ಟಿಗೆ ಮೊದಲ ದಿನವೇ ಆ ಫೈಲ್ ಬರೀರಿ. ಆಗ ಅರಕಲಗೂಡಿನ ಹುಡುಗಿಯೂ ಕೋಡ್ ಬರೀತಾಳೆ.