ದತ್ತಿ ಆಸ್ತಿ ಮತ್ತು ವಿಶ್ವಸ್ತರ ಹೊಣೆ (ಸಿಂಧನೂರು, ಲಿಂಗಸುಗೂರು, ಮಸ್ಕಿ)

ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಗುಡಿ, ಮಠ, ದರ್ಗಾಗಳ ಆಸ್ತಿ ನೋಡಿಕೊಳ್ಳುವವರು ಯಾರಿಗೆ ಲೆಕ್ಕ ಒಪ್ಪಿಸಬೇಕೆಂಬ ನಿಯಮ ಹಲವು ಆಳ್ವಿಕೆಗಳಲ್ಲಿ ರೂಪುಗೊಂಡಿತು. ಕನ್ನಡದ ಹಳೆಯ ದಾನಶಾಸನಗಳು ದತ್ತಿಗೆ ಕೈಹಾಕಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪವನ್ನು ಹಚ್ಚಿ ಸುಮ್ಮನಾಗುತ್ತಿದ್ದವು. ಕಡತ ಹಿಡಿದು ಲೆಕ್ಕ ಕೇಳುವ ಅಧಿಕಾರಿ ಬಂದದ್ದು ಬಹಳ ತಡವಾಗಿ.

ರಾಯಚೂರು ಆಗ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಹಿಂದೂ, ಮುಸ್ಲಿಂ ದತ್ತಿಗಳೆರಡೂ ಫಸಲಿ 1349ರ (ಕ್ರಿ.ಶ. 1939–40) ದತ್ತಿ ನಿಬಂಧನೆಗೆ ಒಳಪಟ್ಟವು. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಗುಡಿಗಳಿಗೆ ಅದೇ ಉಳಿಯಿತು. ಹೀಗಾಗಿ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ನಿಜಾಮರ ನಿಬಂಧನೆ, ಹತ್ತಿರದ ಹುನಗುಂದದಲ್ಲಿ ಮುಂಬೈಯ 1950ರ ಕಾಯಿದೆ. ರಾಜ್ಯದಲ್ಲಿ ಐದು ಬಗೆಯಾಗಿದ್ದ ಈ ಕಾನೂನುಗಳನ್ನು ತೆಗೆದುಹಾಕಿದ 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ ಕಾಯಿದೆ ಜಾರಿಯಾದದ್ದು 2003ರ ಮೇ 1ರಂದು. 2006ರಲ್ಲಿ ಹೈಕೋರ್ಟ್ ಅದನ್ನು ಅಸಿಂಧುಗೊಳಿಸಿತು. ಸುಪ್ರೀಂ ಕೋರ್ಟಿನ ತಡೆಯಾಜ್ಞೆಯಿಂದ ಕಾಯಿದೆ ಉಳಿಯಿತು. ಮಠಗಳು ಅದರ ಹೊರಗಿವೆ. ವಕ್ಫ್ ಆಸ್ತಿಯದು ಬೇರೆ ದಾರಿ: ಅದನ್ನು ನೋಡಿಕೊಳ್ಳುವ ಮುತವಲ್ಲಿ ಲೆಕ್ಕ ಕೊಡಬೇಕಾದದ್ದು ವಕ್ಫ್ ಮಂಡಳಿಗೆ.

ಈ ಸೀಮೆಯಲ್ಲಿ ದೇವರ ಹೊಲದ ಪ್ರಶ್ನೆ ಬಿಗಿಯಾಗಲು ನೀರೂ ಕಾರಣ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ನಾಡಾಯಿತು, ಜೋಳದ ಎರೆಹೊಲಕ್ಕೆ ಬೆಲೆ ಬಂತು. ಆದರೆ 1974ರ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಗಿದ್ದ ಗುಡಿ ಜಮೀನು ಸರ್ಕಾರಕ್ಕೆ ಹೋಗಿ, ಗುಡಿಯ ಪಾಲಿಗೆ ವರ್ಷಾಶನ ಉಳಿಯಿತು.

ಲೆಕ್ಕ ಕೇಳುವ ಹಕ್ಕು ಯಾರದು? 1882ರ ನ್ಯಾಸ ಕಾಯಿದೆ ಖಾಸಗಿ ನ್ಯಾಸಗಳಿಗೆ ಸಂಬಂಧಿಸಿದ್ದು. ಅದರಡಿ ವಿಶ್ವಸ್ತ ನಿಖರ ಲೆಕ್ಕ ಇಡಬೇಕು, ಫಲಾನುಭವಿ ಅದನ್ನು ನೋಡಬಹುದು. ಸಾರ್ವಜನಿಕ ದತ್ತಿಯ ಮಾತೇ ಬೇರೆ. 1921ರಲ್ಲಿ ಪ್ರಿವಿ ಕೌನ್ಸಿಲ್, ಮಠಾಧಿಪತಿಯೂ ಮುತವಲ್ಲಿಯೂ ಇಂಗ್ಲಿಷ್ ಕಾನೂನಿನ ಅರ್ಥದ ವಿಶ್ವಸ್ತರಲ್ಲ, ಆದರೂ ದುರಾಡಳಿತಕ್ಕೆ ಉತ್ತರ ಕೊಡಲೇಬೇಕು ಎಂದಿತು. ಗುಡಿಯ ನಿಜವಾದ ಫಲಾನುಭವಿಗಳು ಭಕ್ತರೇ ಎಂದು 1956ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇದು ಬರೀ ತಾತ್ವಿಕ ಮಾತಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ, ದತ್ತಿಯಲ್ಲಿ ಹಿತಾಸಕ್ತಿ ಇರುವ ಇಬ್ಬರು ಸೇರಿ, ನ್ಯಾಯಾಲಯದ ಅನುಮತಿ ಪಡೆದು, ಲೆಕ್ಕ ಕೇಳಬಹುದು, ವಿಶ್ವಸ್ತರನ್ನು ತೆಗೆಯಲೂ ಕೋರಬಹುದು. 1997ರ ಕಾಯಿದೆ ಮುಟ್ಟದ ಮಠಗಳ ಭಕ್ತರಿಗೆ ಇದೇ ಮುಖ್ಯ ಬಾಗಿಲು. ಆಸ್ತಿ ವಿಶ್ವಸ್ತನ ಕೈಯಲ್ಲೇ ಇದ್ದರೆ, 1963ರ ಕಾಲಮಿತಿ ಕಾಯಿದೆಯ 10ನೇ ಕಲಮಿನಂತೆ ಎಷ್ಟು ವರ್ಷ ಕಳೆದರೂ ದಾವೆ ಹೂಡಬಹುದು. ಬೆಲೆ ಕೊಟ್ಟು ಕೊಂಡವನ ಮೇಲೆ ಈ ಅನುಕೂಲವಿಲ್ಲ.