ಮೆಮೊರಿ ಕಾರ್ಡ್‌ಗಳ ದತ್ತಾಂಶ ವರ್ಗಾವಣೆ ವೇಗ

ಮೆಮೊರಿ ಕಾರ್ಡ್‌ನ ದತ್ತಾಂಶ ವರ್ಗಾವಣೆ ವೇಗ ಎಂದರೆ ಕಾರ್ಡಿನಿಂದ ಬೇರೊಂದು ಸಾಧನಕ್ಕೆ ಅಥವಾ ಸಾಧನದಿಂದ ಕಾರ್ಡಿಗೆ ಒಂದು ಸೆಕೆಂಡಿನಲ್ಲಿ ಸಾಗುವ ದತ್ತಾಂಶದ ಪ್ರಮಾಣ. ಇದನ್ನು ಸಾಮಾನ್ಯವಾಗಿ ಸೆಕೆಂಡಿಗೆ ಇಷ್ಟು ಮೆಗಾಬೈಟ್ ಎಂದು ಸೂಚಿಸಲಾಗುತ್ತದೆ. ಈ ವೇಗವು ಕಾರ್ಡೊಂದರ ಗುಣವನ್ನು ಮಾತ್ರ ಅವಲಂಬಿಸಿಲ್ಲ. ಕಾರ್ಡ್, ಕಾರ್ಡ್ ರೀಡರ್, ರೀಡರನ್ನು ಗಣಕಯಂತ್ರಕ್ಕೆ ಜೋಡಿಸುವ ಯುಎಸ್‌ಬಿ ಸಂಪರ್ಕ ಹಾಗೂ ದತ್ತಾಂಶವು ಕೊನೆಗೆ ಸೇರುವ ಡಿಸ್ಕ್, ಈ ನಾಲ್ಕರಲ್ಲಿ ಅತ್ಯಂತ ನಿಧಾನವಾದುದೇ ಒಟ್ಟು ವೇಗವನ್ನು ನಿರ್ಧರಿಸುತ್ತದೆ. ಕಾಲುವೆ ಎಷ್ಟೇ ಅಗಲವಾಗಿದ್ದರೂ ಅದರ ಅತಿ ಕಿರಿದಾದ ತೂಬಿನಷ್ಟೇ ನೀರು ಹರಿಯುವಂತೆ, ಒಂದೇ ಕಾರ್ಡ್ ಬೇರೆ ಬೇರೆ ಸಾಧನಗಳಲ್ಲಿ ಬೇರೆ ಬೇರೆ ವೇಗವನ್ನು ತೋರುತ್ತದೆ.

## ಅಳತೆಯ ಘಟಕಗಳು

ಬಿಟ್ ಮತ್ತು ಬೈಟ್‌ಗಳ ವ್ಯತ್ಯಾಸವನ್ನು ಗಮನಿಸದಿದ್ದರೆ ಹೋಲಿಕೆ ತಪ್ಪುತ್ತದೆ. 8 ಬಿಟ್‌ಗಳು ಸೇರಿ ಒಂದು ಬೈಟ್ ಆಗುತ್ತದೆ. ಯುಎಸ್‌ಬಿಯ ವೇಗವನ್ನೂ ವಿಡಿಯೊ ದಾಖಲಾತಿಯ ಪ್ರಮಾಣವನ್ನೂ ಬಿಟ್‌ಗಳಲ್ಲಿ, ಕಾರ್ಡಿನ ವೇಗವನ್ನು ಬೈಟ್‌ಗಳಲ್ಲಿ ಹೇಳುವುದು ರೂಢಿ. ಹೀಗಾಗಿ ಸೆಕೆಂಡಿಗೆ 480 ಮೆಗಾಬಿಟ್ ಎಂದರೆ 60 ಮೆಗಾಬೈಟ್ ಮಾತ್ರ.

ಕೆಲವು ಕಾರ್ಡ್‌ಗಳ ಮೇಲೆ 133ಎಕ್ಸ್, 633ಎಕ್ಸ್ ಎಂಬ ಗುರುತುಗಳಿರುತ್ತವೆ. ಇಲ್ಲಿ 1ಎಕ್ಸ್ ಎಂದರೆ ಮೊದಲ ಸಿಡಿ-ರಾಮ್ ಡ್ರೈವ್‌ಗಳ ವೇಗವಾದ ಸೆಕೆಂಡಿಗೆ 150 ಕಿಲೋಬೈಟ್. ಆ ಪ್ರಕಾರ 133ಎಕ್ಸ್ ಎಂಬುದು ಸುಮಾರು 20 ಮೆಗಾಬೈಟ್, 633ಎಕ್ಸ್ ಎಂಬುದು ಸುಮಾರು 95 ಮೆಗಾಬೈಟ್ ಆಗುತ್ತದೆ. ತಯಾರಕರು ಒಂದು ಮೆಗಾಬೈಟನ್ನು 10,00,000 ಬೈಟ್ ಎಂದು ಎಣಿಸಿದರೆ, ವಿಂಡೋಸ್ ಕಾರ್ಯಾಚರಣಾ ವ್ಯವಸ್ಥೆಯು 10,48,576 ಬೈಟ್ ಎಂದು ಎಣಿಸುತ್ತದೆ. ಪರದೆಯ ಮೇಲಿನ ಸಂಖ್ಯೆ ಪೊಟ್ಟಣದ ಮೇಲಿನ ಸಂಖ್ಯೆಗಿಂತ ತುಸು ಕಡಿಮೆಯಾಗಿ ಕಾಣಲು ಇದೂ ಒಂದು ಕಾರಣ.

## ಬಸ್ ಮತ್ತು ಅದರ ಮಿತಿ

ಎಸ್‌ಡಿ ಕಾರ್ಡನ್ನು ಸ್ಯಾನ್‌ಡಿಸ್ಕ್, ಮತ್ಸುಶಿಟಾ (ಈಗಿನ ಪ್ಯಾನಸೋನಿಕ್) ಮತ್ತು ತೋಷಿಬಾ ಕಂಪನಿಗಳು 1999ರಲ್ಲಿ ಪ್ರಕಟಿಸಿದವು. 2000ದಲ್ಲಿ ಸ್ಥಾಪಿತವಾದ ಎಸ್‌ಡಿ ಅಸೋಸಿಯೇಷನ್ ಇದರ ಮಾನಕಗಳನ್ನು ರೂಪಿಸುತ್ತದೆ. ಕಾರ್ಡ್ ಮತ್ತು ಸಾಧನದ ನಡುವಣ ವಿದ್ಯುತ್ ಮಾರ್ಗಕ್ಕೆ ಬಸ್ ಎಂದು ಹೆಸರು. ವಿವಿಧ ಬಸ್‌ಗಳ ಗರಿಷ್ಠ ಸೈದ್ಧಾಂತಿಕ ವೇಗ ಹೀಗಿದೆ:

| ಬಸ್ | ಸೆಕೆಂಡಿಗೆ ಗರಿಷ್ಠ ಮೆಗಾಬೈಟ್ |
|---|---|
| ಆರಂಭಿಕ ಬಸ್ | 12.5 |
| ಹೈ ಸ್ಪೀಡ್ | 25 |
| ಯುಎಚ್‌ಎಸ್-1 | 104 |
| ಯುಎಚ್‌ಎಸ್-2 | 312 |
| ಯುಎಚ್‌ಎಸ್-3 | 624 |
| ಎಸ್‌ಡಿ ಎಕ್ಸ್‌ಪ್ರೆಸ್ (2018ರ ಆವೃತ್ತಿ) | 985 |

ಇವುಗಳಲ್ಲಿ ಯುಎಚ್‌ಎಸ್-3 ಹೆಚ್ಚು ಬಳಕೆಗೆ ಬರಲಿಲ್ಲ. ಯುಎಚ್‌ಎಸ್-2 ಕಾರ್ಡ್‌ನ ಹಿಂಬದಿಯಲ್ಲಿ ಲೋಹದ ಸಂಪರ್ಕ ಬಿಂದುಗಳ ಎರಡನೆಯ ಸಾಲು ಇರುತ್ತದೆ. ಅದನ್ನು ಯುಎಚ್‌ಎಸ್-1 ರೀಡರ್‌ನಲ್ಲಿ ಹಾಕಿದರೆ ಎರಡನೆಯ ಸಾಲು ಬಳಕೆಯಾಗದೆ, ಕಾರ್ಡ್ ಯುಎಚ್‌ಎಸ್-1ರ ಮಿತಿಯೊಳಗೇ ಕೆಲಸ ಮಾಡುತ್ತದೆ. ಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡ್ ತನ್ನ ಎರಡನೆಯ ಸಾಲನ್ನು ಪಿಸಿಐ ಎಕ್ಸ್‌ಪ್ರೆಸ್ ಸಂಪರ್ಕಕ್ಕೆ ಬಳಸುವುದರಿಂದ, ಯುಎಚ್‌ಎಸ್-2 ರೀಡರ್‌ನಲ್ಲಿಯೂ ಅದು ಯುಎಚ್‌ಎಸ್-1ರ ಮಟ್ಟಕ್ಕೆ ಇಳಿಯುತ್ತದೆ. ಅಂತಹ ರೀಡರ್‌ನಲ್ಲಿ ಹೆಚ್ಚು ಬೆಲೆಯ ಎಕ್ಸ್‌ಪ್ರೆಸ್ ಕಾರ್ಡ್‌ಗಿಂತ ಸಾಧಾರಣ ಯುಎಚ್‌ಎಸ್-2 ಕಾರ್ಡೇ ವೇಗವಾಗಿರಬಲ್ಲದು.

ಕೆಲವು ಯುಎಚ್‌ಎಸ್-1 ಕಾರ್ಡ್‌ಗಳ ಮೇಲೆ 170 ಅಥವಾ 200 ಮೆಗಾಬೈಟ್ ಎಂದು ಮುದ್ರಿತವಾಗಿರುತ್ತದೆ. ಇದು ಮಾನಕದ ಮಿತಿಯನ್ನು ಮೀರಿದ, ತಯಾರಕರ ಸ್ವಂತ ವಿಧಾನದಿಂದ ದೊರೆಯುವ ವೇಗ. ಆ ವಿಧಾನವನ್ನು ಅರಿಯುವ ರೀಡರ್ ಇಲ್ಲದಿದ್ದರೆ ಅದೇ ಕಾರ್ಡ್ ಸುಮಾರು 90 ಮೆಗಾಬೈಟ್ ವೇಗವನ್ನಷ್ಟೇ ನೀಡುತ್ತದೆ.

## ಕಾರ್ಡಿನ ಮೇಲಿನ ಗುರುತುಗಳು

ಕಾರ್ಡಿನ ಮೇಲೆ ದೊಡ್ಡದಾಗಿ ಮುದ್ರಿಸುವ ಸಂಖ್ಯೆಯು ಸಾಮಾನ್ಯವಾಗಿ ಗರಿಷ್ಠ ಓದುವ ವೇಗ. ಬರೆಯುವ ವೇಗ ಅದಕ್ಕಿಂತ ಕಡಿಮೆ ಇರುತ್ತದೆ. ಇದಕ್ಕೆ ಬದಲಾಗಿ, ಚಿಕ್ಕ ಚಿಹ್ನೆಗಳು ಸತತವಾಗಿ ದೊರೆಯಲೇಬೇಕಾದ ಕನಿಷ್ಠ ಬರೆಯುವ ವೇಗವನ್ನು ಸೂಚಿಸುತ್ತವೆ.

* ಇಂಗ್ಲಿಷಿನ ಸಿ ಅಕ್ಷರದೊಳಗಿನ 2, 4, 6, 10: ಸೆಕೆಂಡಿಗೆ ಅಷ್ಟೇ ಮೆಗಾಬೈಟ್.
* ಯು ಅಕ್ಷರದೊಳಗಿನ 1 ಮತ್ತು 3: ಕ್ರಮವಾಗಿ 10 ಮತ್ತು 30 ಮೆಗಾಬೈಟ್.
* ವಿ6, ವಿ10, ವಿ30, ವಿ60, ವಿ90: ವಿ ಅಕ್ಷರದ ಮುಂದಿನ ಸಂಖ್ಯೆಯಷ್ಟು ಮೆಗಾಬೈಟ್.
* ಎ1, ಎ2: ಫೋನಿನ ಆ್ಯಪ್‌ಗಳಿಗಾಗಿ ಚಿಕ್ಕ ಚಿಕ್ಕ ತುಣುಕುಗಳನ್ನು ಓದಿ ಬರೆಯುವ ಸಾಮರ್ಥ್ಯ. ಎ1 ಕಾರ್ಡ್ ಸೆಕೆಂಡಿಗೆ ಕನಿಷ್ಠ 1,500 ಓದು ಹಾಗೂ 500 ಬರಹಗಳನ್ನೂ, ಎ2 ಕಾರ್ಡ್ 4,000 ಓದು ಹಾಗೂ 2,000 ಬರಹಗಳನ್ನೂ ನಿರ್ವಹಿಸಬೇಕು.

ವಿಡಿಯೊ ಚಿತ್ರೀಕರಣಕ್ಕೆ ಕನಿಷ್ಠ ವೇಗವೇ ಮುಖ್ಯ. ಸೆಕೆಂಡಿಗೆ 100 ಮೆಗಾಬಿಟ್ ವಿಡಿಯೊಗೆ 12.5 ಮೆಗಾಬೈಟ್ ಸಾಕಾಗುವುದರಿಂದ ವಿ30 ಕಾರ್ಡ್ ಧಾರಾಳವಾಗುತ್ತದೆ. 400 ಮೆಗಾಬಿಟ್ ವಿಡಿಯೊಗೆ 50 ಮೆಗಾಬೈಟ್ ಬೇಕಾಗುವುದರಿಂದ ವಿ60 ಕಾರ್ಡ್ ಅಗತ್ಯ. ಕಾರ್ಡ್ ಹಿಂದೆ ಬಿದ್ದರೆ ಕ್ಯಾಮೆರಾ ಚಿತ್ರೀಕರಣವನ್ನು ನಡುವೆಯೇ ನಿಲ್ಲಿಸಬಹುದು; ಮರಳಿ ಬಾರದ ಸಮಾರಂಭದಲ್ಲಿ ಇದು ತುಂಬಲಾಗದ ನಷ್ಟ.

## ಕಾರ್ಡ್ ರೀಡರ್ ಮತ್ತು ಸಂಪರ್ಕ

ಯುಎಸ್‌ಬಿ 2.0 ಸಂಪರ್ಕದ ಸೈದ್ಧಾಂತಿಕ ಮಿತಿ 60 ಮೆಗಾಬೈಟ್ ಆದರೂ, ನಿಯಂತ್ರಣ ಸಂದೇಶಗಳ ಹೊರೆಯಿಂದ ಬಳಕೆಯಲ್ಲಿ 30ರಿಂದ 40 ಮೆಗಾಬೈಟ್ ಮಾತ್ರ ದೊರೆಯುತ್ತದೆ. ಸೆಕೆಂಡಿಗೆ 5 ಗಿಗಾಬಿಟ್‌ನ ಯುಎಸ್‌ಬಿ 3.0 ಸಂಪರ್ಕವು ಯುಎಚ್‌ಎಸ್-2 ಕಾರ್ಡಿಗೂ ಸಾಕಾಗುತ್ತದೆ. ಆದರೆ ರೀಡರ್, ಕೇಬಲ್ ಮತ್ತು ಗಣಕಯಂತ್ರದ ಪೋರ್ಟ್ ಮೂರೂ ಯುಎಸ್‌ಬಿ 3.0 ಆಗಿರಬೇಕು. ಟೈಪ್-ಸಿ ಎಂಬುದು ಪ್ಲಗ್ಗಿನ ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಚಾರ್ಜಿಂಗ್‌ಗೆಂದು ಬರುವ ಅನೇಕ ಟೈಪ್-ಸಿ ಕೇಬಲ್‌ಗಳು ಯುಎಸ್‌ಬಿ 2.0 ವೇಗದವು. ಲ್ಯಾಪ್‌ಟಾಪ್‌ಗಳಲ್ಲಿ ಅಳವಡಿಸಿದ ರೀಡರ್‌ಗಳೂ ಏಕರೂಪವಾಗಿಲ್ಲ. ಕೆಲವು ಒಳಗಿಂದೊಳಗೇ ಯುಎಸ್‌ಬಿ 2.0 ಮೂಲಕ, ಕೆಲವು ಪಿಸಿಐ ಎಕ್ಸ್‌ಪ್ರೆಸ್ ಮೂಲಕ ಜೋಡಣೆಗೊಂಡಿರುತ್ತವೆ.

64 ಗಿಗಾಬೈಟ್ ದತ್ತಾಂಶವನ್ನು ನಕಲಿಸಲು ಲೆಕ್ಕದ ಪ್ರಕಾರ ಬೇಕಾಗುವ ಸಮಯ:

| ದೊರೆಯುವ ವೇಗ (ಸೆಕೆಂಡಿಗೆ) | ಸಮಯ |
|---|---|
| 20 ಮೆಗಾಬೈಟ್ | ಸುಮಾರು 53 ನಿಮಿಷ |
| 35 ಮೆಗಾಬೈಟ್ | ಸುಮಾರು 30 ನಿಮಿಷ |
| 90 ಮೆಗಾಬೈಟ್ | ಸುಮಾರು 12 ನಿಮಿಷ |
| 250 ಮೆಗಾಬೈಟ್ | 4 ನಿಮಿಷಕ್ಕಿಂತ ತುಸು ಹೆಚ್ಚು |

## ವಿವಿಧ ಸಾಧನಗಳಲ್ಲಿ

ರಾಸ್ಪ್‌ಬೆರಿ ಪೈ ಎಂಬ ಕಿರು ಗಣಕಯಂತ್ರವು ಸಾಧನದ ಮಿತಿಗೆ ಸ್ಪಷ್ಟ ನಿದರ್ಶನ. ಅದರ 3ನೇ ಮಾದರಿಯ ಕಾರ್ಡ್ ಕಿಂಡಿಯ ಮಿತಿ ಸೆಕೆಂಡಿಗೆ 25 ಮೆಗಾಬೈಟ್, 4ನೇ ಮಾದರಿಯದು 50 ಮೆಗಾಬೈಟ್, 5ನೇ ಮಾದರಿಯದು 104 ಮೆಗಾಬೈಟ್. ಒಂದೇ ಮೈಕ್ರೊಎಸ್‌ಡಿ ಕಾರ್ಡನ್ನು ಈ ಮೂರರಲ್ಲಿ ಹಾಕಿದರೆ ಮೂರು ಬಗೆಯ ಫಲಿತಾಂಶ ದೊರೆಯುತ್ತದೆ. 2025ರಲ್ಲಿ ಬಂದ ನಿಂಟೆಂಡೊ ಸ್ವಿಚ್ 2 ಆಟದ ಸಾಧನದಲ್ಲಿ ಆಟಗಳನ್ನು ಸಂಗ್ರಹಿಸಲು ಮೈಕ್ರೊಎಸ್‌ಡಿ ಎಕ್ಸ್‌ಪ್ರೆಸ್ ಕಾರ್ಡನ್ನೇ ಬಳಸಬೇಕು.

ಫೋನ್ ಅಥವಾ ಕ್ಯಾಮೆರಾವನ್ನು ಕೇಬಲ್‌ನಿಂದ ನೇರವಾಗಿ ಜೋಡಿಸಿದಾಗ ವೇಗವು ಆ ಸಾಧನದ ಯುಎಸ್‌ಬಿ ಆವೃತ್ತಿಗೆ ಒಳಪಟ್ಟಿರುತ್ತದೆ. ಆದುದರಿಂದ ಕಾರ್ಡನ್ನು ಹೊರತೆಗೆದು ಉತ್ತಮ ರೀಡರ್‌ನಲ್ಲಿ ಹಾಕುವುದು ಬಹುಪಾಲು ಹೆಚ್ಚು ವೇಗದ ದಾರಿ. ಮೈಕ್ರೊಎಸ್‌ಡಿ ಕಾರ್ಡಿನೊಂದಿಗೆ ಬರುವ ಅಡಾಪ್ಟರ್ ಕೇವಲ ತಂತಿಗಳ ಜೋಡಣೆಯಾದ್ದರಿಂದ ಅದು ತಾನಾಗಿ ವೇಗವನ್ನು ತಗ್ಗಿಸುವುದಿಲ್ಲ. ಆದರೆ ಎರಡನೆಯ ಸಾಲಿನ ಬಿಂದುಗಳಿಲ್ಲದ ಅಡಾಪ್ಟರ್‌ನಲ್ಲಿ ಯುಎಚ್‌ಎಸ್-2 ಕಾರ್ಡ್ ಯುಎಚ್‌ಎಸ್-1 ಆಗಿಯೇ ವರ್ತಿಸುತ್ತದೆ.

## ವೇಗ ಏರುಪೇರಾಗಲು ಇತರ ಕಾರಣಗಳು

ಒಟ್ಟು ಗಾತ್ರ ಒಂದೇ ಆಗಿದ್ದರೂ ಸಾವಿರಾರು ಚಿಕ್ಕ ಕಡತಗಳನ್ನು ನಕಲಿಸಲು ಒಂದು ದೊಡ್ಡ ಕಡತಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಪ್ರತಿ ಕಡತಕ್ಕೂ ಹೆಸರು, ಸ್ಥಾನ ಮುಂತಾದ ವಿವರಗಳನ್ನು ಪ್ರತ್ಯೇಕವಾಗಿ ದಾಖಲಿಸಬೇಕಾಗುವುದೇ ಇದಕ್ಕೆ ಕಾರಣ. ಫ್ಲ್ಯಾಶ್ ಸ್ಮೃತಿಯಲ್ಲಿ ಹೊಸದನ್ನು ಬರೆಯುವ ಮೊದಲು ಹಳೆಯ ಭಾಗವನ್ನು ಅಳಿಸಬೇಕು. ಹಾಗಾಗಿ ಬಹುತೇಕ ತುಂಬಿದ ಕಾರ್ಡಿನಲ್ಲಿ ಬರೆಯುವ ವೇಗ ಕುಗ್ಗಬಹುದು. ದೀರ್ಘಕಾಲದ ಬಳಕೆಯಿಂದ ಕಾರ್ಡ್ ಬಿಸಿಯಾದಾಗಲೂ ವೇಗ ತಗ್ಗುವುದುಂಟು.

## ಹೋಲಿಕೆಯ ವಿಧಾನ

ಎರಡು ರೀಡರ್‌ಗಳನ್ನು ಹೋಲಿಸುವಾಗ ಕಾರ್ಡ್, ಪೋರ್ಟ್, ಡಿಸ್ಕ್ ಹಾಗೂ ಕಡತ ಒಂದೇ ಆಗಿದ್ದು, ರೀಡರ್ ಮಾತ್ರ ಬದಲಾಗಬೇಕು. ಹಲವು ಗಿಗಾಬೈಟ್ ಗಾತ್ರದ ಒಂದೇ ಕಡತವನ್ನು ಗಣಕಯಂತ್ರದ ಒಳಗಿನ ಎಸ್‌ಎಸ್‌ಡಿಗೆ ನಕಲಿಸಿ, ಗಾತ್ರವನ್ನು ಸೆಕೆಂಡುಗಳಿಂದ ಭಾಗಿಸಿದರೆ ವೇಗ ದೊರೆಯುತ್ತದೆ. ಅದೇ ಕಡತವನ್ನು ಎರಡನೆಯ ಬಾರಿ ಓದಿದಾಗ ದತ್ತಾಂಶವು ಗಣಕಯಂತ್ರದ ಸ್ಮೃತಿಯಿಂದಲೇ ಬರಬಹುದಾದ್ದರಿಂದ, ಪ್ರತಿ ಪರೀಕ್ಷೆಗೂ ಮೊದಲು ಕಾರ್ಡನ್ನು ತೆಗೆದು ಮತ್ತೆ ಹಾಕಬೇಕು. ಕ್ರಿಸ್ಟಲ್‌ಡಿಸ್ಕ್‌ಮಾರ್ಕ್‌ನಂತಹ ತಂತ್ರಾಂಶಗಳೂ ಈ ಕೆಲಸಕ್ಕೆ ಲಭ್ಯವಿವೆ.

ದೊರೆತ ಸಂಖ್ಯೆಯಿಂದಲೇ ಅಡಚಣೆಯ ಸ್ಥಳವನ್ನು ಬಹುಮಟ್ಟಿಗೆ ಊಹಿಸಬಹುದು. ವೇಗವು 20ರ ಆಸುಪಾಸಿನಲ್ಲಿ ನಿಂತರೆ ಹೈ ಸ್ಪೀಡ್ ಬಸ್, 35ರ ಆಸುಪಾಸಿನಲ್ಲಿ ನಿಂತರೆ ಯುಎಸ್‌ಬಿ 2.0, 90ರ ಆಸುಪಾಸಿನಲ್ಲಿ ನಿಂತರೆ ಯುಎಚ್‌ಎಸ್-1 ಮಿತಿ ಎಂದು ತಿಳಿಯಬಹುದು. ಇಂತಹ ಸಂದರ್ಭದಲ್ಲಿ ಇನ್ನೂ ದುಬಾರಿ ಕಾರ್ಡ್ ಕೊಳ್ಳುವುದರಿಂದ ಪ್ರಯೋಜನವಿಲ್ಲ. ಅಡಚಣೆಯಾಗಿರುವ ಭಾಗವನ್ನೇ ಬದಲಿಸಬೇಕು.

## ಎಚ್ಚರಿಕೆಗಳು

ನಕಲಿ ಕಾರ್ಡ್‌ಗಳು ತಮ್ಮ ನಿಜವಾದ ಸಾಮರ್ಥ್ಯಕ್ಕಿಂತ ಹೆಚ್ಚಿನ ಗಾತ್ರವನ್ನು ಗಣಕಯಂತ್ರಕ್ಕೆ ತೋರಿಸುತ್ತವೆ. ನಿಜವಾದ ಮಿತಿ ಮೀರಿದ ಮೇಲೆ ಬರೆದ ಕಡತಗಳು ಹೆಸರಿಗೆ ಮಾತ್ರ ಇದ್ದು, ತೆರೆದಾಗ ಕೆಟ್ಟಿರುತ್ತವೆ. ಎಚ್2ಟೆಸ್ಟ್‌ಡಬ್ಲ್ಯು, ಎಫ್3 ಎಂಬ ಉಚಿತ ತಂತ್ರಾಂಶಗಳು ಇಡೀ ಕಾರ್ಡನ್ನು ತುಂಬಿ, ಮತ್ತೆ ಓದಿ, ಸಾಮರ್ಥ್ಯ ಹಾಗೂ ವೇಗ ಎರಡನ್ನೂ ಪರೀಕ್ಷಿಸುತ್ತವೆ.

ಕಾರ್ಡಿಗೆ ಬರೆಯುವಾಗ ಪರದೆಯ ಮೇಲೆ ನಕಲು ಮುಗಿಯಿತೆಂದು ಕಂಡರೂ, ಕೊನೆಯ ಭಾಗ ಇನ್ನೂ ಗಣಕಯಂತ್ರದ ಸ್ಮೃತಿಯಲ್ಲೇ ಉಳಿದಿರಬಹುದು. ಸುರಕ್ಷಿತವಾಗಿ ತೆಗೆಯುವ ಆಜ್ಞೆ ನೀಡದೆ ಕಾರ್ಡನ್ನು ಕಿತ್ತರೆ ಆ ಭಾಗ ನಷ್ಟವಾಗುತ್ತದೆ. ಕಾರ್ಡಿನಿಂದ ನಕಲಿಸಿದ ಚಿತ್ರಗಳು ಸರಿಯಾಗಿ ತೆರೆದುಕೊಳ್ಳುವುದನ್ನು ಖಚಿತಪಡಿಸಿಕೊಂಡ ನಂತರವೇ ಮೂಲ ಕಾರ್ಡನ್ನು ಅಳಿಸುವುದು ಕ್ಷೇಮ.