ಸ್ಟೋಡಾರ್ಟ್ ಮಾಡಿಕೊಟ್ಟ ಚಾಕು

ಇಂಗ್ಲಿಷ್ ಪಾಠದಲ್ಲಿ ‘ಪೆನ್‌ನೈಫ್’ ಎಂಬ ಮಾತು ಬಂದಾಗಲೆಲ್ಲ ಯಾವುದಾದರೂ ಒಂದು ಮಗು ಎದ್ದು ನಿಂತು, “ಪೆನ್ನಿಗೆ ಚಾಕು ಯಾಕೆ ಮಿಸ್?” ಎಂದು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಯುರೋಪಿನಲ್ಲಿ ಹೆಬ್ಬಾತಿನ ಗರಿಯಿಂದ ಬರೆಯುತ್ತಿದ್ದ ಕಾಲವೊಂದಿತ್ತು. ಗರಿಯ ಬುಡವನ್ನು ಓರೆಯಾಗಿ ಕುಯ್ದು, ನಡುವೆ ಕೂದಲೆಳೆಯಷ್ಟು ಸೀಳಿ, ಮುಳ್ಳು ಮಾಡಿಕೊಳ್ಳಬೇಕು. ನಾಲ್ಕಾರು ಪುಟ ಬರೆಯುವಷ್ಟರಲ್ಲಿ ಆ ಮುಳ್ಳು ಸವೆದು ಮೊಂಡಾಗುತ್ತಿತ್ತು. ಮತ್ತೆ ಕುಯ್ಯಬೇಕು. ಅದಕ್ಕೆಂದೇ ಬರೆಯುವವರ ಜೇಬಿನಲ್ಲಿ ಒಂದು ಪುಟ್ಟ ಚಾಕು. ಅಲಗಿನಲ್ಲಿ ಸ್ವಲ್ಪವೇ ಐಬಿದ್ದರೂ ಗರಿ ಅಡ್ಡಾದಿಡ್ಡಿ ಸೀಳಿ ಹೋಗುತ್ತದೆ. ತರಕಾರಿ ಹೆಚ್ಚುವ ಚಾಕು ಮೊಂಡಾದರೆ ಒತ್ತಿ ಕುಯ್ದು ಹೇಗೋ ಕೆಲಸ ಸಾಗಿಸುತ್ತೇವೆ. ಗರಿಯ ಚಾಕುವಿನಲ್ಲಿ ಆ ಆಟ ನಡೆಯುವುದಿಲ್ಲ. ಆದ್ದರಿಂದ ಉಕ್ಕಿನ ಗುಣ ನೋಡಬೇಕೆಂದರೆ ಅದರಿಂದ ಒಂದು ಪೆನ್‌ನೈಫ್ ಮಾಡಿಸಿ ನೋಡುವುದು ಬುದ್ಧಿವಂತರ ದಾರಿಯೇ ಆಗಿತ್ತು.

1795ರಲ್ಲಿ ಲಂಡನ್ನಿನಲ್ಲಿ ಅಂಥದೊಂದು ಚಾಕು ತಯಾರಾಯಿತು. ಅದರ ಕಥೆಯಲ್ಲಿ ನಮ್ಮ ಕನ್ನಡದ ಒಂದು ಪದವೂ ಅಡಗಿದೆಯಾದ್ದರಿಂದ ನನಗೆ ಅದರ ಮೇಲೆ ವಿಶೇಷ ಪ್ರೀತಿ.

ಮುಂಬಯಿಯಲ್ಲಿ ಹೆಲೆನಸ್ ಸ್ಕಾಟ್ ಎಂಬ ಇಂಗ್ಲಿಷ್ ಕಂಪನಿಯ ವೈದ್ಯರಿದ್ದರು. ಈ ದೇಶದ ಕಸುಬುಗಳ ಬಗ್ಗೆ ಕುತೂಹಲವಿದ್ದ ಮನುಷ್ಯ. ಅವರು 1794ರ ಸುಮಾರಿಗೆ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಕೆಲವು ಉಕ್ಕಿನ ಬಿಲ್ಲೆಗಳನ್ನು ಕಳಿಸಿದರು. ಇಲ್ಲಿಯವರು ಇದನ್ನು ‘ವೂಟ್ಸ್’ ಎನ್ನುತ್ತಾರೆ, ಬಲು ಗಟ್ಟಿಯಾದ ಉಕ್ಕು, ಪರೀಕ್ಷಿಸಿ ನೋಡಿ ಎಂದು ಬರೆದರು. ಈ ‘ವೂಟ್ಸ್’ ನಮ್ಮ ‘ಉಕ್ಕು’ ಎಂಬ ಮಾತೇ, ಪರದೇಶದವರ ಬಾಯಲ್ಲೋ ಬರಹದಲ್ಲೋ ಸಿಕ್ಕಿ ಹಾಗಾಯಿತು ಎಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಬೆಂಗಳೂರು ಬ್ಯಾಂಗಲೋರ್ ಆದದ್ದನ್ನು ಕಂಡ ನಮಗೆ ಇದೇನೂ ಆಶ್ಚರ್ಯವಲ್ಲ.

ಬ್ಯಾಂಕ್ಸ್ ಬಿಲ್ಲೆಗಳನ್ನು ಜಾರ್ಜ್ ಪಿಯರ್ಸನ್ ಎಂಬ ವೈದ್ಯರ ಕೈಗೆ ಕೊಟ್ಟರು. ಪಿಯರ್ಸನ್ ರಸಾಯನಶಾಸ್ತ್ರವನ್ನೂ ಬಲ್ಲವರು. ಬಿಲ್ಲೆಯನ್ನು ತೂಗಿದರು, ಅರದಿಂದ ಉಜ್ಜಿದರು, ಆಮ್ಲದಲ್ಲಿ ಕರಗಿಸಿದರು. ಆದರೆ ಚಾಕುವಿನ ಗುಣ ಚಾಕು ಮಾಡಿದ ಮೇಲಲ್ಲವೇ ತಿಳಿಯುವುದು? ಅದು ವೈದ್ಯರಿಂದ ಆಗುವ ಕೆಲಸವಲ್ಲ. ಆಗ ಅವರು ಹುಡುಕಿಕೊಂಡು ಹೋದದ್ದು ಜೇಮ್ಸ್ ಸ್ಟೋಡಾರ್ಟ್ ಎಂಬ ಕಸುಬುದಾರನನ್ನು. ಶಸ್ತ್ರಚಿಕಿತ್ಸೆಯ ಉಪಕರಣ, ಕ್ಷೌರದ ಕತ್ತಿ, ಚಾಕು ಮಾಡುವುದು ಆತನ ವೃತ್ತಿ.

ಸ್ಟೋಡಾರ್ಟ್‌ಗೆ ಆ ಬಿಲ್ಲೆ ಸುಲಭಕ್ಕೆ ಬಗ್ಗಲಿಲ್ಲ. ಸಾಮಾನ್ಯ ಕಬ್ಬಿಣವನ್ನು ಬೆಳ್ಳಗೆ ಉರಿಯುವವರೆಗೆ ಕಾಯಿಸಿ ಬಡಿಯಬಹುದು. ವೂಟ್ಸ್ ಹಾಗಲ್ಲ. ಅದರಲ್ಲಿ ಇಂಗಾಲದ ಅಂಶ ಹೆಚ್ಚು, ನೂರಕ್ಕೆ ಸುಮಾರು ಒಂದೂವರೆ ಪಾಲು. ಕೆಂಪು ದಾಟಿ ಕಾಯಿತೋ, ಸುತ್ತಿಗೆಯ ಏಟಿಗೆ ಬೆಲ್ಲದ ಅಚ್ಚಿನಂತೆ ಪುಡಿಯಾಗುತ್ತದೆ. ಕಡಿಮೆ ಕಾಯಿಸಿದರೆ ಬಗ್ಗುವುದೇ ಇಲ್ಲ. ಮಧ್ಯದ ಆ ಸಣ್ಣ ಹದದಲ್ಲಿ ಹಿಡಿದು, ಆರಿದೊಡನೆ ಮತ್ತೆ ಕುಲುಮೆಗಿಟ್ಟು, ಮತ್ತೆ ಬಡಿದು, ಹೀಗೆಯೇ ಮುಂದುವರಿಯಬೇಕು. ಯುರೋಪಿನ ಎಷ್ಟೋ ಕಮ್ಮಾರರು ಇದನ್ನು ಬಡಿಯಲಾರದೆ ಕೈಬಿಟ್ಟರು. ರೂಪ ಬಂದ ಮೇಲೂ ಕೆಲಸ ಮುಗಿಯಲಿಲ್ಲ. ಕೆಂಪಗೆ ಕಾದ ಅಲಗಿಗೆ ನೀರು ಕುಡಿಸಿದರೆ ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಗಾಜಿನಂತೆಯೇ ಚಿಟಿಲ್ಲೆಂದು ಮುರಿಯಲೂಬಹುದು. ಅದನ್ನು ಪುನಃ ಮೆಲ್ಲಗೆ ಬೆಚ್ಚಗೆ ಮಾಡಿ ಹದಕ್ಕೆ ತರಬೇಕು. ಉಜ್ಜಿ ಹೊಳಪು ಕೊಟ್ಟ ಲೋಹದ ಮೇಲೆ ಬಣ್ಣಗಳು ಒಂದೊಂದಾಗಿ ಏಳುತ್ತವೆ: ಮೊದಲು ತಿಳಿಹಳದಿ, ಆಮೇಲೆ ಒಣಹುಲ್ಲಿನ ಬಣ್ಣ, ನೇರಳೆ, ಕೊನೆಗೆ ನೀಲಿ. ಕ್ಷೌರದ ಕತ್ತಿಗೆ, ಪೆನ್‌ನೈಫಿಗೆ ಹಳದಿಯಲ್ಲೇ ನಿಲ್ಲಿಸಬೇಕು. ನೀಲಿ ಬಂದರೆ ಅದು ಗಡಿಯಾರದ ಸ್ಪ್ರಿಂಗಿಗೆ ಲಾಯಕ್ಕು. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಮೇಲೆ ಬೆಳ್ಳುಳ್ಳಿ ಕೆಂಪಾಗುವ ಕ್ಷಣವನ್ನು ಕಾಯುವ ನಮಗೆ ಈ ಕಾಯುವಿಕೆ ಹೇಳಿಕೊಡಬೇಕಾಗಿಲ್ಲ.

ಚಾಕು ತಯಾರಾಯಿತು. ಅಲಗು ನಯವಾಗಿದೆ, ಅತ್ಯುತ್ತಮ ಉಕ್ಕಿನ ಚಾಕುವಿನಷ್ಟೇ ಚೆನ್ನಾಗಿ ಕುಯ್ಯುತ್ತದೆ ಎಂದು ಪಿಯರ್ಸನ್ ತಮ್ಮ ಪ್ರಬಂಧದಲ್ಲಿ ಬರೆದರು. ಅದು 1795ರ ಜೂನ್ ತಿಂಗಳಲ್ಲಿ ರಾಯಲ್ ಸೊಸೈಟಿಯಲ್ಲಿ ಓದಲ್ಪಟ್ಟಿತು. ನನಗೆ ಮೆಚ್ಚುಗೆಯಾದದ್ದು ಬೇರೊಂದು ಸಂಗತಿ. ‘ಒಬ್ಬ ಕೆಲಸಗಾರನಿಂದ ಮಾಡಿಸಲಾಯಿತು’ ಎಂದು ಬರೆದು ಮುಗಿಸಬಹುದಿತ್ತು, ಆ ಕಾಲದ ದೊಡ್ಡವರು ಹಾಗೆಯೇ ಬರೆಯುತ್ತಿದ್ದರು. ಪಿಯರ್ಸನ್ ಸ್ಟೋಡಾರ್ಟನ ಹೆಸರು ಹೇಳಿದರು. ಬಡಿಯಲು ಪಟ್ಟ ಪಾಡನ್ನು ಹೇಳಿದರು. ಅಷ್ಟು ಕಷ್ಟಪಟ್ಟರೂ ಆತ ಈ ಉಕ್ಕು ಎಷ್ಟೋ ಕೆಲಸಗಳಿಗೆ ಇಂಗ್ಲೆಂಡಿನಲ್ಲಿ ಬಳಸುವ ಉಕ್ಕಿಗಿಂತ ಮೇಲು ಎಂದು ಅಭಿಪ್ರಾಯಪಟ್ಟಿದ್ದಾನೆ ಎಂದೂ ದಾಖಲಿಸಿದರು. ಮಾಡಿದವನ ಮಾತಿಗೆ ಮಾಡಿಸಿದವನು ಕಿವಿಗೊಟ್ಟ ಎಂದಾಯಿತಲ್ಲ!

ಸ್ಟೋಡಾರ್ಟ್‌ಗೆ ಆ ಒಂದು ಚಾಕುವಿನ ಗುಂಗು ಕೊನೆಯವರೆಗೂ ಬಿಡಲಿಲ್ಲ. ಸ್ಟ್ರ್ಯಾಂಡ್ ಬೀದಿಯ 401ನೇ ನಂಬರಿನ ತನ್ನ ಅಂಗಡಿಯ ವ್ಯಾಪಾರದ ಚೀಟಿಯಲ್ಲಿ, ಇಲ್ಲಿ ಭಾರತದ ‘ವೂಟ್ಸ್’ ಉಕ್ಕಿನ ಉಪಕರಣಗಳು ಸಿಗುತ್ತವೆ, ವರ್ಷಗಟ್ಟಲೆ ಹೋಲಿಸಿ ನೋಡಿ ಯುರೋಪಿನ ಉತ್ತಮ ಉಕ್ಕಿಗಿಂತ ಇದನ್ನೇ ಆರಿಸಿಕೊಂಡಿದ್ದೇನೆ ಎಂದು ಅಚ್ಚು ಹಾಕಿಸಿದ.

ಮಾಡುವವರಿಗೂ ಮಾಡಿಸುವವರಿಗೂ ನಡುವಿನ ಈ ನಂಟು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ನಮ್ಮಜ್ಜಿಯ ಈಳಿಗೆ ಊರಿನ ಕುಲುಮೆಯಲ್ಲಿ ಆದದ್ದು. (ಮಲೆನಾಡಿನ ಓದುಗರು ಮೆಟ್ಟುಗತ್ತಿ ಎಂದುಕೊಳ್ಳಿ.) ಲಾರಿಯ ಹಳೆಯ ಕಮಾನುಪಟ್ಟಿ ತುಂಡನ್ನು ಆಚಾರಪ್ಪನೇ ಆರಿಸಿದ್ದ. ಈಳಿಗೆ ತಂದವನು ಅಜ್ಜಿಯ ಕೈಗೆ ಕೊಡಲಿಲ್ಲ. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆಂದು ಜಗಲಿಯ ಮೇಲಿಟ್ಟ, ಅಜ್ಜಿ ಎತ್ತಿಕೊಂಡಳು. ದುಡ್ಡಿನ ಮಾತು ಇನ್ನೂ ಬಂದಿರಲಿಲ್ಲ. ಒಳಗಿನಿಂದ ಬಾಳೆದಿಂಡು ತಂದು, ಅವನೆದುರಿಗೇ ಕುಳಿತು, ಕಾಗದದಷ್ಟು ತೆಳ್ಳಗೆ ಒಂದು ಬಿಲ್ಲೆ ಕುಯ್ದಳು. ದಿಂಡಿನ ನಾರು ಎಂಥ ಅಲಗನ್ನೂ ನಾಚಿಸುತ್ತದೆ, ಕುಯ್ಯುವ ಬದಲು ಎಳೆಯುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

“ನಾರು ಕಿತ್ತು ಬರಲಿಲ್ಲ ಆಚಾರಪ್ಪ, ಕುಯ್ದು ಬಂತು.”

“ಹೂಂನವ್ವಾ” ಎಂದ ಅವನು ಆ ಬಿಲ್ಲೆಯನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದ. ಆಮೇಲೂ ಸ್ವಲ್ಪ ಹೊತ್ತು ನೋಡುತ್ತಲೇ ಇದ್ದ. ಸುಗ್ಗಿಯಲ್ಲಿ ಅವನಿಗೆ ಸಲ್ಲುವ ರಾಗಿ ಹೇಗೂ ಸಲ್ಲುತ್ತಿತ್ತು, ಆಯಗಾರರ ಪಾಲು ತಪ್ಪುವಂಥದಲ್ಲ. ಆದರೆ ಕಣದಲ್ಲಿ ರಾಗಿ ಅಳೆಸಿಕೊಳ್ಳುವಾಗ ಅವನ ಮುಖ ಹಾಗಿದ್ದುದನ್ನು ನಾನು ಕಂಡಿಲ್ಲ.

ಇನ್ನು, ಲಂಡನ್ನಿಗೆ ಹೋದಂಥ ಬಿಲ್ಲೆಗಳನ್ನು ಮಾಡುತ್ತಿದ್ದವರ ವಿಷಯ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಗವರ್ನರ್ ಜನರಲ್ ಅಪ್ಪಣೆಯಂತೆ ಮೈಸೂರು ಸೀಮೆಯನ್ನೆಲ್ಲ ಸುತ್ತಿ, ಬೆಳೆ, ನೇಯ್ಗೆ, ಗಾಣ, ಕುಲುಮೆ ಯಾವುದನ್ನೂ ಬಿಡದೆ ಬರೆದುಕೊಂಡ. 1807ರಲ್ಲಿ ಅದು ಮೂರು ಸಂಪುಟಗಳಾಗಿ ಅಚ್ಚಾಯಿತು. ಇಂದಿನ ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ಬಳಿ ಅವನು ಉಕ್ಕು ಮಾಡುವುದನ್ನು ಕಂಡ. ಹಸಿ ಜೇಡಿಮಣ್ಣಿನ ಮೂಸೆ. ಅದರೊಳಗೆ ಒಂದು ತುಂಡು ಕಬ್ಬಿಣ, ಮೂರು ರೂಪಾಯಿ ತೂಕದಷ್ಟು ತಂಗಡಿ ಕಡ್ಡಿ, ಮೇಲೆ ಎರಡು ಹಸಿರೆಲೆ. ಮೂಸೆಯ ಬಾಯಿಗೆ ಮಣ್ಣು ಮೆತ್ತಿ ಇದ್ದಿಲಿನ ಬೆಂಕಿಯಲ್ಲಿಟ್ಟು ತಿದಿ ಒತ್ತುವುದು. ಕಡ್ಡಿ ಎಲೆಗಳು ಒಳಗೇ ಸುಟ್ಟು ಇಂಗಾಲವಾಗಿ ಕಬ್ಬಿಣಕ್ಕೆ ಸೇರಿ ಅದು ಉಕ್ಕಾಗುತ್ತದೆ. ತಂಗಡಿ ಎಂದರೆ ಆವರಿಕೆ ಗಿಡ, ಬಯಲುಸೀಮೆಯ ರಸ್ತೆಯಂಚಿನಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತದಲ್ಲ, ಅದೇ. ಸಂಬಳಕ್ಕೆಂದು ಅಷ್ಟು ದೂರದಿಂದ ಬಂದವನು ಎಲೆ ಎಷ್ಟು ಎಂಬುದನ್ನೂ ಎಣಿಸಿ ಬರೆದನಲ್ಲ ಎಂದು ನನಗೆ ಅವನ ಮೇಲೆ ಗೌರವ.

ನಮ್ಮಲ್ಲಿ ಉಕ್ಕೆಂದರೆ ಬರೀ ಕತ್ತಿಯೂ ಅಲ್ಲ. ಕಲ್ಲುಕುಟಿಗರ ಉಳಿ ಆಗುತ್ತಿದ್ದುದು ಅದರಿಂದಲೇ. ಚನ್ನಪಟ್ಟಣದಲ್ಲಿ ಉಕ್ಕನ್ನು ತಂತಿಯಾಗಿ ಎಳೆಯುತ್ತಿದ್ದರು, ವಾದ್ಯಗಳಿಗೆ ಕಟ್ಟುವ ಆ ತಂತಿಗಳಿಗೆ ಭಾರಿ ಹೆಸರಿತ್ತು, ಭಾರತದ ದೂರದ ಮೂಲೆಗಳಿಗೂ ಹೋಗುತ್ತಿದ್ದವು ಎಂದು ಬುಕಾನನ್ ಬರೆದಿದ್ದಾನೆ. ಚನ್ನಪಟ್ಟಣದ ಬೊಂಬೆಯನ್ನಷ್ಟೇ ಬಲ್ಲ ನಾವು ಇದನ್ನೂ ನೆನಪಿಡಬೇಕು. ಶ್ರುತಿಗೆ ನಿಲ್ಲುವ ತಂತಿಯನ್ನು ಎಳೆದವನಿಗೆ, ಅದನ್ನು ಮೀಟಿ ತಲೆದೂಗುವ ಒಬ್ಬ ವೈಣಿಕ ಗಿರಾಕಿಯಾಗಿ ಸಿಕ್ಕಿದ್ದರೆ ಅದಕ್ಕಿಂತ ಇನ್ನೇನು ಬೇಕು?

ಬುಕಾನನ್ ಕುಲುಮೆಯ ಲೆಕ್ಕವನ್ನೆಲ್ಲ ಬರೆದ, ಇಷ್ಟು ಜನ, ಇಷ್ಟು ಇದ್ದಿಲು, ಇಷ್ಟು ಕೂಲಿ ಎಂದು. ಮೂಸೆಯ ಹದ ಬಲ್ಲ ಆ ಮುಖ್ಯ ಕಸುಬಿಯ ಹೆಸರನ್ನು ಮಾತ್ರ ಬರೆಯಲಿಲ್ಲ. ಸ್ಟೋಡಾರ್ಟನ ಹೆಸರು ಉಳಿದಿದೆ, ಅಂಗಡಿಯ ನಂಬರ್ ಸಮೇತ. ಬಿಲ್ಲೆ ಮಾಡಿದವನದ್ದು ಎಲ್ಲೂ ಇಲ್ಲ. ಬಿಳಿಯರನ್ನಷ್ಟೇ ದೂರಿದರೆ ಸಾಲದು. ನಮ್ಮ ಹಳ್ಳಿಗಳಲ್ಲಿ ಕೂಡ ಅವನು ‘ಆಚಾರಿ’ಯೇ, ನಮ್ಮ ಶಾಸನಗಳಲ್ಲಿ ದಾನ ಕೊಟ್ಟವರ ಹೆಸರಿನಷ್ಟು ಕುಲುಮೆಯವರ ಹೆಸರು ಕಾಣುವುದಿಲ್ಲ. ವೂಟ್ಸ್ ಬಗ್ಗೆ ಭಾಷಣ ಮಾಡುವವರು ‘ನಮ್ಮ ಪೂರ್ವಜರು’ ಎಂದು ಎದೆ ತಟ್ಟಿಕೊಳ್ಳುವಾಗ, ಯಾವ ಪೂರ್ವಜರು, ಅವರನ್ನು ಮನೆಯ ಜಗಲಿಯ ಮೇಲೆ ಕೂರಿಸುತ್ತಿದ್ದರೋ ಎಂದು ಕೇಳಬೇಕೆನಿಸುತ್ತದೆ.

ಆ ಕುಲುಮೆಗಳು ಹತ್ತೊಂಬತ್ತನೆಯ ಶತಮಾನದಲ್ಲಿ ಒಂದೊಂದಾಗಿ ಆರಿದವು. ಹಡಗಿನಲ್ಲಿ ಬಂದ ಅಗ್ಗದ ವಿಲಾಯತಿ ಉಕ್ಕು ಒಂದು ಕಡೆ, ಕಾಡು ಸರ್ಕಾರದ ಪಾಲಾಗಿ ಇದ್ದಿಲು ದುಬಾರಿಯಾದದ್ದು ಇನ್ನೊಂದು ಕಡೆ.

ಲಂಡನ್ನಿನಲ್ಲಿ ಮಾತ್ರ ಸ್ಟೋಡಾರ್ಟ್‌ಗೆ ಎರಡನೆಯ ಜೊತೆಗಾರ ಸಿಕ್ಕ. ಮೈಕೆಲ್ ಫ್ಯಾರಡೆ! ಡೈನಮೋ ಪಾಠದಲ್ಲಿ ಬರುವ ಅದೇ ಫ್ಯಾರಡೆ. 1791ರಲ್ಲಿ ಬಡ ಕಮ್ಮಾರನ ಮಗನಾಗಿ ಹುಟ್ಟಿ, ಪುಸ್ತಕ ಕಟ್ಟುವವನ ಅಂಗಡಿಯಲ್ಲಿ ಏಳು ವರ್ಷ ದುಡಿದು, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ವಿಜ್ಞಾನಿಯಾದವನು. ಅವನು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1819ರಲ್ಲಿ ವೂಟ್ಸ್ ಉಕ್ಕನ್ನು ವಿಶ್ಲೇಷಿಸಿದ. ಅದರಂಥ ಉಕ್ಕನ್ನು ತಾವೇ ಮಾಡಬೇಕೆಂದು ಅವನೂ ಸ್ಟೋಡಾರ್ಟನೂ ಪಣತೊಟ್ಟರು. ಬೆಳ್ಳಿ, ಪ್ಲಾಟಿನಂ, ರೋಡಿಯಂ ಬೆರೆಸಿ ನೋಡಿದರು. ಐನೂರು ಪಾಲು ಉಕ್ಕಿಗೆ ಒಂದು ಪಾಲು ಬೆಳ್ಳಿ ಸೇರಿಸಿದ್ದು ಚೆನ್ನಾಗಿ ಬಂತು, ಷೆಫೀಲ್ಡಿನವರು ಅದನ್ನು ಬಳಸಿದರು. ವೂಟ್ಸಿನ ಗುಟ್ಟು ಅಲ್ಯುಮಿನಿಯಂ ಅಂಶದಲ್ಲಿದೆ ಎಂದು ಫ್ಯಾರಡೆ ಬಗೆದದ್ದು ಸರಿಯಲ್ಲ. ಇಂಗಾಲವೇ ಮುಖ್ಯವೆಂದು ಪ್ಯಾರಿಸ್ಸಿನ ಬ್ರೆಯಾಂ ಎಂಬಾತ 1820ರ ದಶಕದಲ್ಲಿ ತೋರಿಸಿದ. 1823ರಲ್ಲಿ ಸ್ಟೋಡಾರ್ಟ್ ತೀರಿಕೊಂಡ. ಸ್ವಲ್ಪ ಕಾಲದಲ್ಲೇ ಫ್ಯಾರಡೆ ಉಕ್ಕಿನ ಕೆಲಸ ಬಿಟ್ಟ. ಜೊತೆಗೆ ಸುತ್ತಿಗೆ ಹಿಡಿಯುವ ಕೈ ಇಲ್ಲವಾದ ಮೇಲೆ ಉತ್ಸಾಹ ಎಲ್ಲಿಂದ ಬರಬೇಕು ಎಂದು ನನಗನಿಸುತ್ತದೆ.

ಇಂಥದೇ ಜೋಡಿ ನಮ್ಮ ಕಾಲದಲ್ಲೂ ಒಂದು ಕೂಡಿತು. ಅಮೆರಿಕದ ಅಯೋವಾದಲ್ಲಿ ಜಾನ್ ವರ್ಹೋವನ್ ಎಂಬ ಲೋಹಶಾಸ್ತ್ರದ ಪ್ರೊಫೆಸರು, ಫ್ಲಾರಿಡಾದಲ್ಲಿ ಕುದುರೆಗೆ ಲಾಳ ಕಟ್ಟುತ್ತ ಚಾಕು ಮಾಡುತ್ತಿದ್ದ ಆಲ್‌ಫ್ರೆಡ್ ಪೆಂಡ್ರೆ. ವೂಟ್ಸ್ ಅಲಗಿನ ಮೇಲೆ ನೀರಿನ ಅಲೆಯಂತೆ ಮೂಡುವ ನೆರಿಗೆಗೆ ವೆನೇಡಿಯಂ ಮುಂತಾದವುಗಳ ಅತಿ ಸಣ್ಣ ಅಂಶ ಕಾರಣವೆಂದು 1998ರಲ್ಲಿ ಅವರು ಪ್ರಕಟಿಸಿದರು. ಪ್ರೊಫೆಸರು ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಪೆಂಡ್ರೆ ಕುಲುಮೆಯಲ್ಲಿ ಮಾಡಿ ತೋರಿಸಿದ. ಪ್ರಬಂಧದ ತಲೆಯಲ್ಲಿ ಲಾಳದವನ ಹೆಸರೂ ಇದೆ.

ಫ್ಯಾರಡೆ ಉಕ್ಕಿನ ಪ್ರಯೋಗ ಬಿಟ್ಟನೇ ಹೊರತು ಮೋಹ ಬಿಡಲಿಲ್ಲ. ತಮ್ಮಿಬ್ಬರ ಪ್ರಯೋಗದ ಮಿಶ್ರಲೋಹದಿಂದ ಮಾಡಿದ ಕ್ಷೌರದ ಕತ್ತಿಗಳನ್ನು ಎಷ್ಟೋ ವರ್ಷಗಳ ನಂತರವೂ ಸ್ನೇಹಿತರಿಗೆ ಕಾಣಿಕೆ ಕೊಡುತ್ತಿದ್ದ. ಜಗತ್ತಿಗೆಲ್ಲ ಹೆಸರಾದ ವಿಜ್ಞಾನಿ, ಬೇಕಾದರೆ ಬಂಗಾರದ ಗಡಿಯಾರ ಕೊಡಬಹುದಿತ್ತು. 1841ರಲ್ಲಿ ಆರೋಗ್ಯ ಕೆಟ್ಟು, ವಿಶ್ರಾಂತಿಗೆಂದು ಹೆಂಡತಿಯೊಡನೆ ಸ್ವಿಟ್ಜರ್‌ಲೆಂಡಿಗೆ ಹೋದ. ಇಂಟರ್‌ಲಾಕೆನ್ ಎಂಬ ಊರು, ಸುತ್ತ ಹಿಮದ ಬೆಟ್ಟಗಳು. ಅಲ್ಲಿ ಮೊಳೆ ಬಡಿಯುವ ಕುಲುಮೆಯೊಂದರ ಕೆಲಸವನ್ನು ನೋಡುತ್ತ ನಿಂತ. ತನಗೆ ಕಮ್ಮಾರಸಾಲೆ ಎಂದರೆ ಬಲು ಇಷ್ಟ, ತನ್ನ ಅಪ್ಪ ಕಮ್ಮಾರನಾಗಿದ್ದ ಎಂದು ದಿನಚರಿಯಲ್ಲಿ ಬರೆದಿಟ್ಟುಕೊಂಡ.